ಇತಿಹಾಸದಲ್ಲಿ ಫೇಲಾದ ಹಳೇಬೀಡಿನ ಗೈಡು

ನನ್ನ ಪಾಲಿಗೆ ಇತಿಹಾಸ ಅಂದರೆ ಇವತ್ತಿಗೂ ಕೊಬ್ಬರಿ ವಾಸನೆ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಹೋದ ತಿಂಗಳು ನಾದಿನಿಯ ಮೊಮ್ಮಗುವಿಗೆ ಹೆಸರಿಡುವ ಶಾಸ್ತ್ರ ಅಂತ ನಾನೂ ನಮ್ಮ ಯಜಮಾನರೂ ಅರಸೀಕೆರೆಗೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಹತ್ತಿದ ಆಟೋ ಹಳೆಯ ಕಾಲೇಜಿನ ಪಕ್ಕದ ಬೀದಿಗೆ ತಿರುಗಿದ್ದೇ ತಡ, ಅಲ್ಲಿನ ಗೋಡೌನಿನಿಂದ ಒಣಕೊಬ್ಬರಿಯ ವಾಸನೆ ಗಮ್ಮಂತ ಮೂಗಿಗೆ ಬಡಿಯಿತು. ನನ್ನ ಬಾಯಿಂದ ತಾನಾಗಿಯೇ "ಹೊಯ್ಸಳರ ಆಡಳಿತ ವ್ಯವಸ್ಥೆಯನ್ನು ವಿವರಿಸಿ" ಅಂತ ಬಂದುಬಿಟ್ಟಿತು. ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಗಾಡಿ ನಿಧಾನ ಮಾಡಿದ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ನಗುತ್ತಾರೆ. ಫೇಲಾದ ಆ ವರ್ಷ ಊರೆಲ್ಲ ನಗುತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಯಜಮಾನರ ಹೆಸರು ಪುಟ್ಟಸ್ವಾಮಿ. ಹಳೇಬೀಡಿನ ದೇವಸ್ಥಾನದಲ್ಲಿ ಗೈಡು. ಅವರ ಅಪ್ಪನೂ ಗೈಡೇ. ನಮ್ಮ ಮಾವನವರು ಮಗನಿಗೆ ಈ ವಿದ್ಯೆಯನ್ನು ಕೂರಿಸಿಕೊಂಡು ಹೇಳಿಕೊಟ್ಟವರಲ್ಲ, ಪ್ರವಾಸಿಗಳ ಗುಂಪಿನ ಹಿಂದೆ ನಡೆಸಿಕೊಂಡು ಹೋಗಿ ಕಲಿಸಿದವರು. ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಮಾತು, ಬಾಗಿಲಿನಲ್ಲಿ ಒಂದು ಮಾತು, ನಂದಿಯ ಎದುರು ನಾಲ್ಕು ಮಾತು, ಹೊರಗೋಡೆಯ ಆನೆಸಾಲಿನ ಹತ್ತಿರ ಒಂದು ಕತೆ. ಹೀಗೆ ಕಲಿತದ್ದರಿಂದ ಇವರ ಕಾಲಿಗೂ ನಾಲಿಗೆಗೂ ಗಂಟು ಬಿದ್ದುಬಿಟ್ಟಿತ್ತು. ಯಾರಾದರೂ ನಡುವೆ ಬಾಯಿ ಹಾಕಿ, ರಾವಣ ಕೈಲಾಸ ಎತ್ತುವ ಶಿಲ್ಪ ಎಲ್ಲಿದೆ ಅಂತ ಕೇಳಿದರೆ, ಅಲ್ಲಿಗೇ ಬರ್ತೀನಿ ಸ್ವಾಮಿ ಅನ್ನುತ್ತಿದ್ದರು. ಬಲವಂತ ಮಾಡಿದರೆ ಪಾಪ, ತಬ್ಬಿಬ್ಬಾಗಿ ಮತ್ತೆ ಬಾಗಿಲಿನಿಂದ ಶುರು ಮಾಡುತ್ತಿದ್ದರು. ಮನೆಯಲ್ಲೂ ಅಷ್ಟೆ. ಹಸು ಕರು ಹಾಕಿತಾ ಅಂತ ಪಕ್ಕದ ಮನೆಯವರು ಕೇಳಿದರೆ, ತಾವು ಬೆಳಿಗ್ಗೆ ಎದ್ದು ಚಿಲಕ ತೆಗೆದಲ್ಲಿಂದ ಹೇಳಿಕೊಂಡು ಬರುವವರು. ಕರು ಹುಟ್ಟುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಆದರೂ ಒಂದು ಮಾತು ಹೇಳಲೇಬೇಕು. ಬಾಗಿಲಿನಿಂದ ಕೊನೆಯವರೆಗೂ ಇವರ ಹಿಂದೆ ನಡೆದವರು ಯಾರೂ ಆಕಳಿಸಿದ್ದನ್ನು ನಾನು ಕಂಡಿಲ್ಲ.

ನಾನು ಹತ್ತಿರದ ಹಗರೆ ಊರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಇವರಿಗೆ ಬುತ್ತಿ ತೆಗೆದುಕೊಂಡು ದೇವಸ್ಥಾನಕ್ಕೆ ಹೋಗಿದ್ದೆ. ಆವತ್ತು ಗಿರಾಕಿ ಇರಲಿಲ್ಲ. ನನ್ನನ್ನೇ ಪ್ರವಾಸಿ ಮಾಡಿಕೊಂಡು ಇಡೀ ದೇವಸ್ಥಾನ ತೋರಿಸಿದರು. ಗೋಡೆಯ ಕೆಳಸಾಲಿನಲ್ಲಿ ಆನೆಗಳೆಲ್ಲ ಮುಂದೆ ನೋಡಿಕೊಂಡು ಹೋಗುತ್ತಿದ್ದರೆ ಒಂದು ಆನೆ ಮಾತ್ರ ಕತ್ತು ಹೊರಳಿಸಿ ಹಿಂದೆ ನೋಡುತ್ತದೆ. ಅದನ್ನು ಕೆತ್ತಿದ ಶಿಲ್ಪಿಗೆ ಅವನ ಹೆಂಡತಿ ದಿನಾ ಮಧ್ಯಾಹ್ನ ಬುತ್ತಿ ತರುತ್ತಿದ್ದಳಂತೆ. ಅವಳ ಕಾಲ್ಗೆಜ್ಜೆಯ ಸದ್ದು ಕೇಳಿದರೆ ಸಾಕು, ಇವನ ಉಳಿ ನಿಂತುಬಿಡುತ್ತಿತ್ತಂತೆ. ತಾನು ತಿರುಗಿ ನೋಡಿದರೆ ಜೊತೆಯವರು ಆಡಿಕೊಳ್ಳುತ್ತಾರಲ್ಲ ಅಂತ, ತನ್ನ ಬದಲು ಆನೆಯನ್ನು ತಿರುಗಿಸಿಬಿಟ್ಟನಂತೆ. ಆ ಕತೆ ಮಾವನವರದೋ, ಇವರೇ ಆವತ್ತು ನಿಂತ ನಿಲುವಿನಲ್ಲಿ ಕಟ್ಟಿದ್ದೋ, ನಾನು ಕೇಳಲಿಲ್ಲ. ಕೈಯಲ್ಲಿ ಬುತ್ತಿ ಹಿಡಿದು ನಿಂತವಳು ಕೇಳುವ ಪ್ರಶ್ನೆಯೇ ಅದು?

ಹೀಗಿದ್ದ ಸಂಸಾರಕ್ಕೆ ಡಿಗ್ರಿಯ ಗಾಳಿ ಬೀಸಿದ್ದು ಬೇಲೂರಿನ ಕಡೆಯಿಂದ. ಅಲ್ಲಿ ಸಂಪತ್ತಯ್ಯ ಅಂತ ಒಬ್ಬರು ಗೈಡು, ದೇವಸ್ಥಾನದ ಸೇವೆಯ ಮನೆತನದವರು. ನಮ್ಮವರಿಗೆ ಸ್ನೇಹಿತರೂ ಅವರೇ, ಹೊಟ್ಟೆಯುರಿಸುವವರೂ ಅವರೇ. ಬೇಲೂರು ನೋಡಿದ ಜನ ಹಳೇಬೀಡಿಗೆ ಬಂದು ಅಲ್ಲಿನ ಗೈಡು ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ ಅಂದರೆ ಇವರಿಗೆ ರಾತ್ರಿ ಊಟ ಇಳಿಯುತ್ತಿರಲಿಲ್ಲ. ಆ ಸಂಪತ್ತಯ್ಯ ಒಂದು ದಿನ ಬಂದು, ಇನ್ನು ಮುಂದೆ ಡಿಗ್ರಿ ಇಲ್ಲದ ಗೈಡುಗಳ ಬ್ಯಾಡ್ಜನ್ನು ವಾಪಸ್ ತೆಗೆದುಕೊಳ್ಳುತ್ತಾರಂತೆ ಅಂತ ಸುದ್ದಿ ಹಾಕಿದರು. ಯಾರು ಹೇಳಿದರು ಅಂತ ಯಾರೂ ಕೇಳಲಿಲ್ಲ. ಸಂಪತ್ತಯ್ಯನವರು ಹೇಗೂ ಬಿ.ಎ. ಮಾಡಿಕೊಂಡವರು, ಅವರಿಗೆ ಚಿಂತೆಯಿಲ್ಲ. ನಮ್ಮವರದು ಎಸ್ಸೆಸ್ಸೆಲ್ಸಿ. ನಮ್ಮ ಮನೆಯ ಒಲೆ ಉರಿಯುತ್ತಿದ್ದುದೇ ಅಂಗಿಗೆ ಸಿಕ್ಕಿಸಿದ ಆ ಬ್ಯಾಡ್ಜಿನಿಂದ.

ಆಗ ಎಲ್ಲರ ಬಾಯಲ್ಲೂ ದೂರ ಶಿಕ್ಷಣದ್ದೇ ಮಾತು. ವಯಸ್ಸಾದವರೂ ಸೇರಬಹುದು, ಪಿಯುಸಿ ಇಲ್ಲದಿದ್ದರೂ ನಡೆಯುತ್ತದೆ, ಮನೆಯಲ್ಲೇ ಓದಬಹುದು, ಪುಸ್ತಕವನ್ನು ಅವರೇ ಕಳಿಸುತ್ತಾರೆ, ಅರಸೀಕೆರೆಯ ಕಾಲೇಜಿನಲ್ಲಿ ಭಾನುವಾರ ಮಾತ್ರ ಪಾಠ. ಕೇಳಿದರೆ ಸ್ವರ್ಗವೇ. ನಮ್ಮ ಅತ್ತೆ ಮಾತ್ರ ಹುಬ್ಬು ಗಂಟು ಹಾಕಿ, "ದೂರದಿಂದ್ಲೇ ಓದುಸ್ತಾರಂತಾ? ಹತ್ರ ಬಂದ್ರೆ ಅವ್ರಿಗೇನಾಯ್ತದೆ?" ಅಂತ ಕೇಳಿದರು. ಅದಕ್ಕೆ ಉತ್ತರ ಮೂರು ವರ್ಷ ಆದಮೇಲೂ ನಮಗೆ ಸಿಗಲಿಲ್ಲ.

ಮೊದಲ ಅಡಚಣೆ ಭಾನುವಾರದ್ದೇ. ಗೈಡಿಗೆ ಭಾನುವಾರ ಅಂದರೆ ಸುಗ್ಗಿ. ಆ ದಿನ ದೇವಸ್ಥಾನ ಬಿಟ್ಟು ಅರಸೀಕೆರೆಯಲ್ಲಿ ಕೂತರೆ ವಾರವೆಲ್ಲ ಉಪವಾಸ. ಹಾಗಾದರೆ ನಾನು ಹೋಗಿ ಪಾಠ ಕೇಳಿಕೊಂಡು ಬಂದು ಹೇಳುತ್ತೇನೆ ಅಂದೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದವಳು ನಾನು, ಭಾನುವಾರ ಒಂದು ದಿನ ಒಲೆಯಿಂದ ಬಿಡುಗಡೆಯಾದರೆ ಬೇಡ ಅನ್ನುತ್ತೀನಾ? ಹೋದರೆ, ಸೇರದವರನ್ನು ಒಳಗೆ ಬಿಡುವುದಿಲ್ಲ ಅಂದರು. ಸರಿ, ನಾನೂ ಸೇರಿದೆ. ಊರಿನಲ್ಲಿ ಎಲ್ಲರೂ ಗಂಡನ ಜೊತೆ ಓದುತ್ತಾಳೆ, ಎಷ್ಟು ಅನ್ಯೋನ್ಯ ಅಂದುಕೊಂಡರು. ನಾನು ಸೇರಿದ್ದು ಅವರ ಕಿವಿಯಾಗಿ, ಅಷ್ಟೆ.

ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಯಲ್ಲಿ ಇಳಿದರೆ ಒಂದೊಂದು ಭಾನುವಾರ ಕಾಲೇಜಿನ ಗೇಟಿಗೆ ಬೀಗ. ಬೀಗದ ಕೈ ಇದ್ದವನು ಮಾಲೇಕಲ್ ತಿರುಪತಿಗೋ ಮಾವನ ಮನೆಗೋ ಹೋಗಿರುತ್ತಿದ್ದ. ಗೇಟು ತೆಗೆದಿದ್ದ ಭಾನುವಾರ ಒಳಗೆ ಕೂತರೆ ಪಕ್ಕದ ಗೋಡೌನಿನಿಂದ ಕೊಬ್ಬರಿ ವಾಸನೆ, ಆ ಕಡೆಯಿಂದ ರೈಲಿನ ಕೂಗು. ಜಂಕ್ಷನ್ ಊರು ನೋಡಿ, ಒಂದು ರೈಲು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ನಮಗೆ ಇತಿಹಾಸ ಹೇಳುತ್ತಿದ್ದವರು ಮಂಜುನಾಥ ಅಂತ ಒಬ್ಬ ಎಳೆಯ ಮೇಷ್ಟ್ರು. ತರಗತಿಯಲ್ಲಿ ಅರ್ಧಕ್ಕರ್ಧ ಜನ ಅವರಿಗಿಂತ ದೊಡ್ಡವರಾದ್ದರಿಂದ ಅವರೇ ನಮಗೆ ಸಾರ್, ಮೇಡಂ ಅನ್ನುತ್ತಿದ್ದರು. ಮುಂದಿನ ಬೆಂಚಿನ ನರ್ಸಮ್ಮ ರಾತ್ರಿ ಡ್ಯೂಟಿ ಮುಗಿಸಿ ಬಂದು ಕೆನ್ನೆಗೆ ಕೈಕೊಟ್ಟು ನಿದ್ದೆ ಹೋಗುತ್ತಿದ್ದರು. ಅವರು ಏಳಬಾರದು ಅಂತ ಮೇಷ್ಟ್ರು ಮೆಲ್ಲಗೆ ಪಾಠ ಮಾಡುತ್ತಿದ್ದರು. ಅಷ್ಟು ಒಳ್ಳೆಯವರು. ಒಂದು ರೈಲು ಹೋಗಿ ಇನ್ನೊಂದು ಬರುವ ನಡುವೆ ಮೌರ್ಯರು ಮುಗಿದುಹೋಗಿರುತ್ತಿದ್ದರು.

ಇನ್ನು ಪುಸ್ತಕಗಳ ಕತೆ. ಮೂರನೆಯ ಭಾಗ ಮೊದಲು ಬಂತು, ಮೊದಲನೆಯದು ಪರೀಕ್ಷೆ ಮುಗಿದು ನಾವು ಉಪ್ಪಿನಕಾಯಿ ಹಾಕುವ ಹೊತ್ತಿಗೆ ಬಂತು. ಎರಡನೆಯದು ಇವತ್ತಿಗೂ ದಾರಿಯಲ್ಲಿದೆ. ಪೋಸ್ಟ್‌ಮ್ಯಾನು ನಮ್ಮ ಬೀದಿಗೆ ತಿರುಗಿದರೆ ಅತ್ತೆ ಬಾಗಿಲಲ್ಲೇ ನಿಂತು, ಬಂತೇನಪ್ಪ ನಮ್ಮ ಹುಡುಗನ ಇತಿಹಾಸ ಅಂತ ಕೇಳುವರು. ಅವನು ತಲೆಯಾಡಿಸಿಕೊಂಡು ಹೋಗುವನು. ಬೈಯಲೂ ಮನಸ್ಸು ಬರದು. ಈ ದೂರ ಶಿಕ್ಷಣ ಇಲ್ಲದಿದ್ದರೆ ನನ್ನಂಥವಳ ಹೆಸರನ್ನು ಯಾವ ಕಾಲೇಜು ಕೂಗುತ್ತಿತ್ತು? ಹಾಜರಿ ಕರೆದಾಗ ಎಸ್ ಸಾರ್ ಅನ್ನುವುದಕ್ಕೇ ನಾನು ಅಷ್ಟು ದೂರ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದುಂಟು. ಆ ಸಂತೋಷವನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಇಷ್ಟರ ನಡುವೆಯೂ ಮೊದಲೆರಡು ವರ್ಷ ಇಬ್ಬರೂ ಪಾಸಾದೆವು. ಯುರೋಪಿನ ಇತಿಹಾಸವನ್ನೂ ಇವರು ಗೆದ್ದುಕೊಂಡರು. ಅದು ಹೇಗೆಂದರೆ, ಯುರೋಪಿನ ಬಾಗಿಲು ಇವರಿಗೆ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಗಿಳಿಪಾಠ ಮಾಡಿ, ಬರೆದು ಬಂದರು. ಕೊನೆಯ ವರ್ಷದಲ್ಲಿ ಬಂತು ನೋಡಿ, ಕರ್ನಾಟಕದ ಇತಿಹಾಸ ಮತ್ತು ಕಲೆ. ಹೊಯ್ಸಳರ ಮೇಲೇ ಮುಕ್ಕಾಲು ಪ್ರಶ್ನೆ. ಇದೊಂದನ್ನು ನನಗೆ ಹೇಳಿಕೊಡಬೇಡ ಅಂತ ಮೀಸೆ ತಿರುವಿಕೊಂಡು ಹೋದರು. ರಿಸಲ್ಟು ಬಂದಾಗ ನನಗೆ ಸೆಕೆಂಡ್ ಕ್ಲಾಸು. ಅವರು ಎಲ್ಲದರಲ್ಲೂ ಪಾಸು, ಆ ಪೇಪರೊಂದರಲ್ಲಿ ಫೇಲು.

ಹಳೇಬೀಡಿನ ಗೈಡು ಹೊಯ್ಸಳರಲ್ಲಿ ಫೇಲು. ಇದು ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಎಳನೀರಿನವನು, ಕ್ಯಾಮರಾದವನು, ಚಪ್ಪಲಿ ಕಾಯುವ ಮುದುಕಿ, ಎಲ್ಲರಿಗೂ ಅದೇ ಮಾತು. ಸಂಪತ್ತಯ್ಯ ಬೇಲೂರಿನಿಂದಲೇ ಪ್ರವಾಸಿಗಳ ಕೈಯಲ್ಲಿ ಸಮಾಧಾನ ಹೇಳಿ ಕಳಿಸಿದರು. ಇವರು ತಮಾಷೆಗೆ ತಮಾಷೆ ಸೇರಿಸಿ ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾರನೆಯ ದಿನ ಅಂಗಿ ಒಗೆಯಲು ಹಾಕುವಾಗ ನೋಡುತ್ತೇನೆ, ಬ್ಯಾಡ್ಜು ಎದೆಯ ಮೇಲಿಲ್ಲ, ಜೇಬಿನೊಳಗಿದೆ. ಯಾಕ್ರೀ ಅಂತ ಕೇಳಿದೆ.

"ಯಾವ ಮಖ ಇಟ್ಕಂಡು ಹಾಕ್ಕಳ್ಳಲಿ ಸರೋಜ?" ಅಂದರು. "ನಮ್ಮಪ್ಪ ಹೇಳ್ಕೊಟ್ಟಿದ್ದೆಲ್ಲ ತಪ್ಪು ಅಂತ ಯೂನಿವರ್ಸಿಟಿಯವ್ರೇ ಬರ್ದು ಕಳ್ಸವ್ರಲ್ಲ."

ಬ್ಯಾಡ್ಜು ಯಾರೋ ಕಿತ್ತುಕೊಳ್ಳುವ ಮಾತು ಹಾಗಿರಲಿ, ಇವರೇ ಬಿಚ್ಚಿಟ್ಟುಬಿಡುತ್ತಾರೆ ಅಂತ ಹೆದರಿಕೆಯಾಯಿತು. ಮುಂದಿನ ಪರೀಕ್ಷೆಗೆ ಈ ಮನುಷ್ಯನನ್ನು ಪಾಸು ಮಾಡಿಸದಿದ್ದರೆ ನಾನು ಹಗರೆಯ ಮಗಳೇ ಅಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಒಂದು ಭಾನುವಾರ ಗಿರಾಕಿ ಹೋದರೆ ಹೋಗಲಿ ಅಂತ ಇವರನ್ನೇ ಎಳೆದುಕೊಂಡು ಅರಸೀಕೆರೆಗೆ ಹೋದೆ. ಮಂಜುನಾಥ ಮೇಷ್ಟ್ರು ಒಂದು ಪ್ರಶ್ನೆ ಕೊಟ್ಟು, ಪರೀಕ್ಷೆಯಲ್ಲಿ ಬರೆದ ಹಾಗೇ ಬರೆದು ತೋರಿಸಿ ಸಾರ್ ಅಂದರು. ಹೊಯ್ಸಳರ ಕಾಲದ ಶಿಲ್ಪಕಲೆಯ ಲಕ್ಷಣಗಳನ್ನು ಬರೆಯಿರಿ, ಇಷ್ಟೇ ಪ್ರಶ್ನೆ. ಇವರು ಅರ್ಧ ಗಂಟೆ ತಲೆಯೆತ್ತದೆ ಬರೆದರು. ನಡುನಡುವೆ ಎಡಗೈ ತಾನಾಗಿಯೇ ಎದ್ದು ಗೋಡೆ ತೋರಿಸುತ್ತಿತ್ತು. ಮೇಷ್ಟ್ರು ಹಾಳೆ ತೆಗೆದುಕೊಂಡು ಮೊದಲ ಸಾಲು ಓದಿದರು, ಕೆಮ್ಮಿದರು, ನನ್ನ ಕಡೆ ಚಾಚಿದರು. ಮೊದಲ ಸಾಲು ಹೀಗಿತ್ತು: ಎಲ್ಲರೂ ದಯವಿಟ್ಟು ಚಪ್ಪಲಿಗಳನ್ನು ಎಡಗಡೆ ಬಿಟ್ಟು ಬರಬೇಕು. ಆಮೇಲೆ ಮೆಟ್ಟಿಲು ಎಚ್ಚರಿಕೆ. ಆಮೇಲೆ ಬಾಗಿಲು, ಬಾಗಿಲಿನ ದ್ವಾರಪಾಲಕರು, ಒಳಗಿನ ಕಂಬಗಳ ನುಣುಪು. ಕೊನೆಯ ಸಾಲು, ಈಗ ನಾವು ಬಲಗಡೆ ತಿರುಗೋಣ. ಅಷ್ಟು ಹೊತ್ತಿಗೆ ಟೈಮು ಮುಗಿದಿತ್ತು. ಕೇಳಿದ ಉತ್ತರವೆಲ್ಲ ಇದ್ದದ್ದು ಹೊರಗೋಡೆಯ ಮೇಲೆ. ಇವರಿನ್ನೂ ಒಳಗಿನ ಕಂಬಗಳ ಹತ್ತಿರವೇ ನಿಂತಿದ್ದರು. ಪರೀಕ್ಷೆಯಲ್ಲೂ ಪ್ರತಿ ಪ್ರಶ್ನೆಗೂ ಹೀಗೇ ಬಾಗಿಲಿನಿಂದ ಹೊರಟು, ಒಂದರಲ್ಲೂ ಊರು ಸೇರಿರಲಿಲ್ಲ.

ನೀವು ಬರೆದದ್ದರಲ್ಲಿ ತಪ್ಪೇನೂ ಇಲ್ಲ ಸಾರ್, ಆದರೆ ಇದಕ್ಕೆ ಅಂಕ ಕೊಡಲು ಜಾಗವೇ ಇಲ್ಲ ಅಂತ ಮೇಷ್ಟ್ರು ಸಂಕಟಪಟ್ಟರು. ಪೀಠಿಕೆ ಎರಡು ಸಾಲು, ಆಮೇಲೆ ಪಾಯಿಂಟು, ಆಮೇಲೆ ಉಪಸಂಹಾರ, ಇಷ್ಟು ಬಂದರೆ ಪಾಸು ಅಂದರು. ಅಪ್ಪ ಹೇಳಿಕೊಟ್ಟದ್ದು ತಪ್ಪಲ್ಲ ಅನ್ನುವ ಮಾತೊಂದೇ ಇವರಿಗೆ ಕೇಳಿಸಿತು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಡ್ಲೆಕಾಯಿ ತಿಂದರು.

ಬೇರು ಸಿಕ್ಕಿತು, ಮದ್ದು ಸಿಗಲಿಲ್ಲ. ಕೂರಿಸಿ ಪಾಯಿಂಟು ಹೇಳಿಸಿದೆ, ಕೂತರೆ ಬಾಯಿಯೇ ಬಿಡುತ್ತಿರಲಿಲ್ಲ. ನಿಲ್ಲಿಸಿದೆ, ನಿಂತರೆ ನಡೆಯಲು ಶುರು. ಅಡುಗೆಮನೆಯಿಂದ ಹಿತ್ತಲಿನವರೆಗೂ ಹೊಯ್ಸಳರನ್ನು ಹರಡಿ ನೋಡಿದೆ. ಅಕ್ಕಿ ಡಬ್ಬಕ್ಕೆ ಆಡಳಿತ, ಒರಳುಕಲ್ಲಿಗೆ ಶಿಲ್ಪಕಲೆ, ಬಚ್ಚಲ ಹಂಡೆಗೆ ಸಾಹಿತ್ಯ. ಅದೂ ಕೆಟ್ಟಿತು. ಹಂಡೆಗೆ ಹೋಗಬೇಕಾದರೆ ಡಬ್ಬವನ್ನೂ ಒರಳನ್ನೂ ದಾಟಿಕೊಂಡೇ ಹೋಗಬೇಕಲ್ಲ. ಅತ್ತೆ ಒಂದು ದಿನ ಒರಳಿನ ಹತ್ತಿರ ಚಟ್ನಿ ರುಬ್ಬಲು ಕೂತಿದ್ದರಿಂದ ಅವತ್ತು ಶಿಲ್ಪಕಲೆಯೇ ಬರಲಿಲ್ಲ.

ಮದ್ದು ಸಿಕ್ಕಿದ್ದು ದೇವಸ್ಥಾನದಲ್ಲೇ. ಒಂದು ಸಂಜೆ ಯಾರದೋ ಮದುವೆಗೆ ಹೊರಟಿದ್ದ ಬಸ್ಸೊಂದು ಗೇಟಿನ ಹತ್ತಿರ ನಿಂತಿತು. ಜನ ದಡದಡ ಇಳಿದು ನೇರ ಹೊರಗೋಡೆಯ ಹತ್ತಿರ ಬಂದುಬಿಟ್ಟರು. ಡ್ರೈವರು ಆಗಲೇ ಹಾರನ್ನು ಒತ್ತುತ್ತಿದ್ದಾನೆ. ಅವರಲ್ಲಿ ಒಬ್ಬರು, ಬೇಗ ಹೇಳಿ ಸ್ವಾಮಿ, ಬಸ್ ಹೊರಡುತ್ತೆ ಅಂದರು. ನಾನು ಪಕ್ಕದಲ್ಲೇ ಇದ್ದೆ, ನೋಡುತ್ತೇನೆ, ನಮ್ಮವರು ಬಾಗಿಲೂ ಇಲ್ಲ, ಚಪ್ಪಲಿಯೂ ಇಲ್ಲ, ನಿಂತಲ್ಲೇ ಪಟಪಟನೆ ಶುರು ಮಾಡಿದರು. ಕಟ್ಟಿಸಿದವರು ಇವರು, ಕಲ್ಲು ಇಂಥದ್ದು, ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮೇಲೆ ದೇವರುಗಳು, ಇದೇ ಇದರ ವಿಶೇಷ, ನಮಸ್ಕಾರ. ಮಂಜುನಾಥ ಮೇಷ್ಟ್ರು ಕೇಳಿದ ಉತ್ತರ ಇದಲ್ಲದೆ ಇನ್ಯಾವುದು? ಅವಸರದ ಗಿರಾಕಿಗೆ ಅಂತ ಇವರ ಹೊಟ್ಟೆಯೊಳಗೆ ಇನ್ನೊಬ್ಬ ಗೈಡು ಇದ್ದಾನೆ ಅನ್ನುವುದು ಅವತ್ತಿನವರೆಗೂ ನನಗೆ ತಿಳಿದಿರಲಿಲ್ಲ.

ಅವತ್ತಿನಿಂದ ಪ್ರತಿ ಪ್ರಶ್ನೆಯೂ ಒಂದು ಬಸ್ಸು. ಹೊಯ್ಸಳರ ಆಡಳಿತ ಅಂದರೆ ದಿಲ್ಲಿಯ ಆಫೀಸರು, ಕಾರು ಸ್ಟಾರ್ಟಾಗಿದೆ. ಸಮಾಜ ಜೀವನ ಅಂದರೆ ಬಿಕ್ಕೋಡಿನ ಶಾಲೆಯ ಮಕ್ಕಳು, ಕತ್ತಲಾಗುವುದರೊಳಗೆ ಊರು ಸೇರಬೇಕು. ಸಾಹಿತ್ಯ ಅಂದರೆ ಅರೇಹಳ್ಳಿಯ ಕಾಫಿ ತೋಟದವರು, ಹೆಂಗಸರಿಗೆ ಹಸಿವಾಗಿದೆ. ನಾನೇ ಆಫೀಸರು, ನಾನೇ ಮಕ್ಕಳು, ನಾನೇ ಹಸಿದ ಹೆಂಗಸು. ಮುದ್ದೆ ಕಟ್ಟುತ್ತಾ ಬಸ್ ಹೊರಡ್ತು ಅಂತ ಕೂಗಿದರೆ ಇವರು ಹಜಾರದಲ್ಲಿ ಕೂತು ಉಪಸಂಹಾರ ಬರೆದುಬಿಡುತ್ತಿದ್ದರು. ಅತ್ತೆಗೂ ರೂಢಿಯಾಯಿತು. ನಾನು ನೀರಿಗೆ ಹೋದಾಗ ಅವರೇ ಬಸ್ ಬಿಡುತ್ತಿದ್ದರು.

ಪರೀಕ್ಷೆ ಬಿರುಬೇಸಿಗೆಯಲ್ಲಿ, ಅದೇ ಅರಸೀಕೆರೆಯ ಕಾಲೇಜಿನಲ್ಲಿ. ಹೊರಡುವ ಹೊತ್ತಿಗೆ ಇವರ ಮುಖ ಸಣ್ಣದಾಯಿತು. ಅಲ್ಲಿ ಬಸ್ ಹೊರಡ್ತು ಅಂತ ಯಾರು ಹೇಳ್ತಾರೆ ಅಂತ ಕೇಳಿದರು. ಅದಕ್ಕೂ ನಾನೇ ದಾರಿ ಹುಡುಕಿದೆ. ಇವರ ಜಾಗ ಕಿಟಕಿಯ ಪಕ್ಕ ಸಿಕ್ಕಿತ್ತು. ಹೊರಗೆ ಹೊಂಗೆಮರದ ಕೆಳಗೆ ನಾನು ಕೊಡೆ ಹಿಡಿದು ನಿಲ್ಲುವುದು, ಅರ್ಧ ಗಂಟೆಗೊಮ್ಮೆ ಅದನ್ನು ಎತ್ತುವುದು. ದೊಡ್ಡ ದೊಡ್ಡ ಟೂರಿನವರು ತಮ್ಮ ಜನರನ್ನು ಬಸ್ಸಿಗೆ ಕರೆಯಲು ಕೊಡೆ ಎತ್ತುತ್ತಾರಲ್ಲ, ಹಾಗೆ.

ಮೊದಲನೆಯ ಸಲ ಎತ್ತಿದೆ, ಇವರು ಸರಕ್ಕನೆ ಹಾಳೆ ತಿರುವಿದರು. ಎರಡನೆಯ ಸಲವೂ ಸರಿಹೋಯಿತು. ಮೂರನೆಯ ಸಲ ಎತ್ತಿದ ಕೈ ಇಳಿಸುವಷ್ಟರಲ್ಲಿ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ದಪ್ಪ ಕನ್ನಡಕದ ಮೇಲ್ವಿಚಾರಕರು.

"ಏನಮ್ಮ ಅದು, ಕೊಡೆ ಎತ್ತಿದ್ರೆ ಯಾವ ಉತ್ತರ?"

"ಉತ್ತರ ಅಲ್ಲ ಸಾರ್, ಬಸ್ಸು" ಅಂದೆ. ನನ್ನಿಂದಾಗಿ ಇವರನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದರೆ ಆ ಬ್ಯಾಡ್ಜು ಜನ್ಮದಲ್ಲಿ ಜೇಬಿನಿಂದ ಹೊರಗೆ ಬರುವುದಿಲ್ಲ. ಚಪ್ಪಲಿ ಬಿಡುವ ಜಾಗದಿಂದ ಹಿಡಿದು ಮದುವೆ ಬಸ್ಸಿನವರೆಗೂ ಎಲ್ಲವನ್ನೂ ಹೇಳಿದೆ. ಆವತ್ತು ನಾನೂ ನನ್ನ ಗಂಡನ ಹಾಗೇ ಬಾಗಿಲಿನಿಂದ ಶುರು ಮಾಡಿದ್ದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೂ ಕೊಡೆಯನ್ನೂ ನೋಡಿದರು. ಇಷ್ಟು ವರ್ಷದಲ್ಲಿ ಇಂಥ ಕಾಪಿ ನಾನು ನೋಡಿಲ್ಲ, ಇದು ಕಾಪಿಯೋ ಅಲ್ಲವೋ ನನಗೇ ತಿಳಿಯುತ್ತಿಲ್ಲ ಅಂದರು. ಇವರನ್ನು ಎಬ್ಬಿಸಲಿಲ್ಲ, ಅದೇ ಪುಣ್ಯ. ನನ್ನನ್ನು ಮಾತ್ರ ಗೇಟಿನ ಆಚೆ ಕೂರಿಸಿದರು. ಇನ್ನೂ ಎರಡು ಪ್ರಶ್ನೆ ಬಾಕಿ, ಬಸ್ಸಿಲ್ಲ. ಕಲ್ಲಿನ ಮೇಲೆ ಕೂತು ಅಳುವುದೊಂದು ಬಾಕಿ.

ಬೆಲ್ಲು ಹೊಡೆದು ಇವರು ಹೊರಗೆ ಬಂದಾಗ ಹೇಗಾಯ್ತು ಅಂತ ಕೇಳಿದೆ. ಕೇಳಬಾರದಿತ್ತು. ಹಾಲ್ ಟಿಕೆಟ್ ತೋರಿಸಿ ಒಳಗೆ ಕಾಲಿಟ್ಟಲ್ಲಿಂದ ಶುರು ಮಾಡಿದರು. ಬಸ್ಸು ಜಾವಗಲ್ ಮುಟ್ಟಿದಾಗ ಮೂರನೆಯ ಪ್ರಶ್ನೆಯಲ್ಲಿದ್ದರು. ಕಿಟಕಿಯ ಆಚೆ ನಾನೂ ಇಲ್ಲ, ಕೊಡೆಯೂ ಇಲ್ಲ, ಎದೆ ಧಸಕ್ಕಂತಂತೆ. ನಾಲ್ಕನೆಯ ಪ್ರಶ್ನೆಗೆ ಮತ್ತೆ ಬಾಗಿಲಿಗೇ ಹೋಗಿ ಚಪ್ಪಲಿ ಅಂತ ಬರೆದಿದ್ದರಂತೆ. ಅಷ್ಟರಲ್ಲಿ ರೈಲು ಕೂಗಿತು. ಬಸ್ಸಾದರೇನು, ರೈಲಾದರೇನು, ಹೊರಡುವುದು ಹೊರಡುವುದೇ. ಚಪ್ಪಲಿಯನ್ನು ಹೊಡೆದುಹಾಕಿ ಪಾಯಿಂಟು ಹಿಡಿದರು. ಜಂಕ್ಷನ್ ಅಲ್ಲವೇ, ಸ್ವಲ್ಪ ಹೊತ್ತಿಗೆ ಇನ್ನೊಂದು ಕೂಗಿತು. ಐದನೆಯದನ್ನೂ ಮುಗಿಸಿಬಿಟ್ಟರು. ಇಷ್ಟು ಹೇಳುವಾಗ ನಾವು ಹಳೇಬೀಡಿನಲ್ಲಿ ಇಳಿದಾಗಿತ್ತು.

ಮಳೆಗಾಲದಲ್ಲಿ ರಿಸಲ್ಟು ಬಂತು, ಪಾಸು. ಅಂಚಿನಲ್ಲಿ ಪಾಸು, ಆದರೇನು, ಪಾಸೆಂದರೆ ಪಾಸು. ಅತ್ತೆ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಬ್ಯಾಡ್ಜು ಎದೆಗೆ ಬಂತು. ಸಂಪತ್ತಯ್ಯನವರೂ ಬಂದು ಕೈಕುಲುಕಿ, ಆ ಡಿಗ್ರಿಯ ನಿಯಮದ ಮಾತು ಇತ್ತಲ್ಲ, ಅದು ಬರೀ ಗಾಳಿಸುದ್ದಿಯಂತೆ ಕಣ್ರೀ ಪುಟ್ಟಸ್ವಾಮಿ, ಯಾರ ಬ್ಯಾಡ್ಜನ್ನೂ ಯಾರೂ ಕೇಳೋದಿಲ್ಲವಂತೆ ಅಂದು, ಎರಡು ಮೈಸೂರುಪಾಕು ತಿಂದು ಹೋದರು. ಅವರ ತಟ್ಟೆಗೆ ಮೂರನೆಯದನ್ನು ನಾನು ಹಾಕಲಿಲ್ಲ. ಆ ಡಿಗ್ರಿ ಕೆಲಸಕ್ಕೆ ಬಂದದ್ದು, ಬೇಕು ಅಂತ ಸೇರದೇ ಇದ್ದ ನನಗೆ. ಒಂದ್ಹತ್ತು ಕಡೆ ಅರ್ಜಿ ಹಾಕಿ ಕೊನೆಗೆ ಹೈಸ್ಕೂಲಿನ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ಆದರೆ ಅದು ಆಮೇಲಿನ ಮಾತು.

ಡಿಸೆಂಬರ್ ಬಂತು. ಶಾಲಾ ಮಕ್ಕಳ ಟೂರಿನ ಕಾಲ, ಗೈಡುಗಳಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದರೆ ನಮ್ಮವರು ಮಕ್ಕಳ ಗುಂಪಿನ ಮುಂದೆ ಕೈಕಟ್ಟಿ ನಿಂತಿದ್ದಾರೆ. "ಹೊಯ್ಸಳ ಶಿಲ್ಪಕಲೆಯ ಪ್ರಮುಖ ಲಕ್ಷಣಗಳು ಈ ಕೆಳಗಿನಂತಿವೆ" ಅಂದರು. ಮಕ್ಕಳೆಲ್ಲ ಬಗ್ಗಿ ನೆಲ ನೋಡಿದವು. ನನಗೆ ನಗು ಬಂತು, ಆಮೇಲೆ ನಿಂತುಹೋಯಿತು. ಒಂದು, ಎರಡು, ಮೂರು ಅಂತ ಪಾಯಿಂಟು ಹೇಳಿ, ಒಟ್ಟಿನಲ್ಲಿ ಹೇಳುವುದಾದರೆ ಅಂತ ಮುಗಿಸಿಬಿಟ್ಟರು. ಇಡೀ ದೇವಸ್ಥಾನ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಯಿತು. ಜೊತೆಗೆ ಬಂದಿದ್ದ ಟೀಚರು ಇಷ್ಟೇನಾ ಅಂತ ಕೇಳಿದರು. ಮೊದಲು ಇವರ ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದ ಜನ ಈಗ ಬೇರೆ ಗೈಡುಗಳ ಹಿಂದೆ ಹೋಗುತ್ತಿದ್ದರು ಅನ್ನುವುದು ಎಳನೀರಿನವನಿಂದ ಗೊತ್ತಾಯಿತು. ನಾನು ಮನೆಯಲ್ಲಿ ಬಿಟ್ಟ ಬಸ್ಸುಗಳು ಒಂದೂ ನಿಂತಿರಲಿಲ್ಲ, ಇವರ ತಲೆಯಲ್ಲಿ ಇನ್ನೂ ಹೊರಡುತ್ತಲೇ ಇದ್ದವು.

ಮಕ್ಕಳು ಹೋದಮೇಲೆ ಮರದ ನೆರಳಿನಲ್ಲಿ ಒಬ್ಬರೇ ಕೂತರು. ನಾನು ಪಕ್ಕದಲ್ಲಿ ಕೂತೆ.

"ಬಾಗ್ಲಲ್ಲಿ ನಿಂತ್ರೆ ಮಾತೇ ಬರಾಕಿಲ್ಲ ಕಣೇ" ಅಂದರು. "ಎಲ್ಲಾ ಗೊತ್ತೈತೆ. ಹೇಳಾಕೆ ಹೊತ್ತೇ ಇಲ್ಲ ಅನ್ನುಸ್ತದೆ."

ಬುತ್ತಿ ಬಿಚ್ಚಲು ಹೋದ ಕೈ ಹಿಂದೆ ತೆಗೆದುಕೊಂಡೆ. ಬುತ್ತಿ ಹಿಡಿದೇ ಎದ್ದು ಸೆರಗು ಸರಿಮಾಡಿಕೊಂಡು, ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತೆ. ಇವರು ಅಲ್ಲಿಂದಲೇ ಏನು ಅಂತ ಸನ್ನೆ ಮಾಡಿದರು. ನಾನು ದೇವಸ್ಥಾನ ನೋಡೋಕೆ ಬಂದೋಳು ಕಣ್ರೀ, ತೋರಿಸಿ ಅಂದೆ.

"ನಂಗೆ ಯಾವ ಬಸ್ಸೂ ಇಲ್ಲ. ಎಲ್ಲಿಗೂ ಹೋಗೋದಿಲ್ಲ. ಬಾಗ್ಲಿಂದ ಹೇಳಿ."

ಇವರು ಎದ್ದು ಬಂದು, ಕತ್ತು ಕೆಳಗೆ ಹಾಕಿ, ಚಪ್ಪಲಿ ಎಡಗಡೆ ಬಿಟ್ಟು ಬರಬೇಕು ಅಂತ ಮೆಲ್ಲಗೆ ಹೇಳಿದರು. ಬಿಟ್ಟೆ. ಮೆಟ್ಟಿಲು ಎಚ್ಚರಿಕೆ ಅಂದರು. ಹತ್ತಿದೆ. ಬಾಗಿಲಿನಲ್ಲಿ ಎರಡು ಸಲ ತೊದಲಿದರು, ಕಂಬಗಳ ಹತ್ತಿರ ದನಿ ಸ್ವಲ್ಪ ಎದ್ದಿತು, ನಂದಿಯ ಎದುರು ಬಂದಾಗ ಎಡಗೈ ತಾನಾಗಿಯೇ ಮೇಲೆ ಹೋಯಿತು. ಹಿಂದೆ ತಿರುಗಿ ನೋಡಿದರೆ ಯಾರೋ ನಾಲ್ಕು ಜನ ಸೇರಿಕೊಂಡಿದ್ದರು. ಇವರಿಗೆ ಅದು ಗೊತ್ತೇ ಇಲ್ಲ. ಹೊರಗೋಡೆಗೆ ಬಂದೆವು. ಆನೆಗಳ ಸಾಲಿನಲ್ಲಿ ಕತ್ತು ಹೊರಳಿಸಿದ ಆ ಆನೆಯ ಎದುರು ಬಂದು ಗಕ್ಕನೆ ನಿಂತರು.

"ಇದುಕ್ಕೊಂದು ಕತೆ ಐತೆ" ಅಂದರು. "ಆದ್ರೆ ಅದಕ್ಕೆ ಯಾವ ಆಧಾರಾನೂ ಇಲ್ಲ. ಯಾವ ಪುಸ್ತಕದಲ್ಲೂ ಇಲ್ಲ."

"ಬುತ್ತಿ ತಂದೋಳು ಎದುರಿಗೇ ನಿಂತಿದೀನಲ್ಲ" ಅಂದೆ. "ಇನ್ನೇನು ಆಧಾರ ಬೇಕು ನಿಮಗೆ?"

ಹಿಂದಿದ್ದವರಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಇವರು ಮೊದಲ ಸಲ ಆ ಜನರನ್ನು ನೋಡಿದರು, ನನ್ನ ಕೈಯಲ್ಲಿದ್ದ ಬುತ್ತಿಯನ್ನು ನೋಡಿದರು, ಬ್ಯಾಡ್ಜು ಸರಿಮಾಡಿಕೊಂಡು ಆನೆಯ ಕಡೆ ತಿರುಗಿದರು. ಕತೆ ಹಳೆಯದರ ಎರಡರಷ್ಟು ಉದ್ದವಾಗಿತ್ತು. ಅದು ಮುಗಿಯುವಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿತ್ತು. ಮರದ ಕೆಳಗೆ ಕೂತು ಇಬ್ಬರೂ ಅದನ್ನೇ ಮುರಿದುಕೊಂಡು ತಿಂದೆವು.